ಹಕೀಮರ ಬೆಳ್ಳಿ
ಗುಬ್ಬಿ, ಕುಣಿಗಲ್‌ನ ಸಿಹಿ ಅಂಗಡಿಗಳಲ್ಲಿ ಕಾಜು ಬರ್ಫಿಯ ಮೇಲೆ ಮಿನುಗುವ ಬೆಳ್ಳಿ ವರಖು ಯುನಾನಿ ಹಕೀಮರಿಗೆ ಬರೀ ಅಲಂಕಾರವಲ್ಲ, ಔಷಧಿ. ಗಾವ್‌ಜಬಾನ್ ಮೊದಲಾದ ಮೂಲಿಕೆಗಳ ಕಷಾಯಕ್ಕೆ ಸಕ್ಕರೆ, ಜೇನು ಹಾಕಿ ಪಾಕ ಮಾಡಿ, ಬಣ್ಣ ಬೆಳ್ಳಗಾಗುವ ತನಕ ಕಡೆದು, ಅದಕ್ಕೆ ವರಖು ಬೆರೆಸಿ ಖಮೀರಾ ತಯಾರಿಸುತ್ತಾರೆ. ಎದೆ ಡವಗುಟ್ಟುವವರಿಗೆ, ಮನಸ್ಸು ಕುಗ್ಗಿದವರಿಗೆ ಕೊಡುವ ಲೇಹ್ಯವಿದು. ಬೆಳ್ಳಿಯ ಗುಣ ತಂಪು, ಅದು ಹೃದಯಕ್ಕೆ ಉಲ್ಲಾಸ ತರುತ್ತದೆ ಎಂಬುದು ಅವರ ಶಾಸ್ತ್ರ. ಬೆಳ್ಳಿಯನ್ನು ಮೂಲಿಕೆ ರಸದಲ್ಲಿ ಅರೆದು, ಮಣ್ಣಿನ ಪಾತ್ರೆಯಲ್ಲಿ ಮುಚ್ಚಿ, ಬೆರಣಿ ಬೆಂಕಿಯಲ್ಲಿ ಸುಟ್ಟು ತೆಗೆಯುವ ಭಸ್ಮ ಕುಷ್ತಾ-ಎ-ನುಕ್ರಾ. ನಮ್ಮ ಆಯುರ್ವೇದದ ರಜತ ಭಸ್ಮದ ಹತ್ತಿರದ ಬಂಧು. ಈ ವಿದ್ಯೆ ಅಳಿದಿಲ್ಲ. ತುಮಕೂರಿನಲ್ಲೇ ಯುನಾನಿ ವೈದ್ಯಕೀಯ ಕಾಲೇಜಿದೆ. ಬೆಂಗಳೂರಿನ ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಿದೆ. ಬೆಳ್ಳಿ ಸೂಕ್ಷ್ಮಾಣುಗಳನ್ನು ಕೊಲ್ಲುವುದು ದಿಟ. ಸುಟ್ಟಗಾಯಕ್ಕೆ ಅಲೋಪಥಿ ವೈದ್ಯರೂ ಬೆಳ್ಳಿ ಬೆರೆತ ಮುಲಾಮನ್ನೇ ಹಚ್ಚುತ್ತಾರೆ. ಆದರೆ ಅದು ಹೊರಗಿನ ಚರ್ಮದ ಮಾತು. ಹೊಟ್ಟೆಗೆ ಸೇರಿದ ಬೆಳ್ಳಿ ಹೃದಯವನ್ನು ಗಟ್ಟಿಮಾಡುತ್ತದೆ ಎನ್ನಲು ಅಷ್ಟೇ ಬಲವಾದ ಪುರಾವೆ ಬೇಕು, ಅದನ್ನು ಈ ಕಾಲೇಜುಗಳೇ ಹುಡುಕಿ ಮುಂದಿಡಬೇಕೆಂಬುದು ನನ್ನ ಆಸೆ. ವರ್ಷಗಟ್ಟಲೆ ಬೆಳ್ಳಿ ಸೇವಿಸಿದರೆ ಚರ್ಮ ನೀಲಿ-ಬೂದು ಬಣ್ಣಕ್ಕೆ ತಿರುಗಬಹುದು, ಆ ಬಣ್ಣ ಸಾಮಾನ್ಯವಾಗಿ ಹೋಗುವುದಿಲ್ಲ. ಸಂತೆಯಲ್ಲಿ ಪೊಟ್ಟಣ ಕಟ್ಟಿ ಮಾರುವ, ಪರವಾನಗಿ ಸಂಖ್ಯೆಯಿಲ್ಲದ ಭಸ್ಮವನ್ನು ದಯವಿಟ್ಟು ಕೊಳ್ಳಬೇಡಿ. ನೋಂದಾಯಿತ ಹಕೀಮರನ್ನೇ ಕಾಣಿ, ಈಗಾಗಲೇ ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನೂ ಅವರಿಗೆ ತೋರಿಸಿ.