ಪುಕ್ಕಟೆ ರೂಮಿನ ಬಾಡಿಗೆ ಕಟ್ಟುವವರು ಯಾರು?

ಪುಣೆಯ ಹಿಂಜವಡಿ, ವಾಕಡ್, ಖರಾಡಿಗಳಲ್ಲಿ ಕೆಲಸ ಮಾಡುವ ನಮ್ಮ ಹುಡುಗರಿಗೆ ಗೋವಾ ಎಂದರೆ ಒಂದು ರಾತ್ರಿಯ ಸ್ಲೀಪರ್ ಬಸ್ಸಿನ ದೂರ. ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚಿ ಬಸ್ಸು ಹತ್ತಿದರೆ ಶನಿವಾರ ಬೆಳಗ್ಗೆ ಪಣಜಿ. ಹತ್ತು ವರ್ಷದ ಹಿಂದೆ ಹೋದವರು ಕಡಲತೀರದ ಫೋಟೊ ತರುತ್ತಿದ್ದರು. ಈಗ ಕೆಲವರು ಸಮುದ್ರದ ಕಡೆ ತಲೆಯನ್ನೇ ಹಾಕುವುದಿಲ್ಲ. ಮಾಂಡೋವಿ ನದಿಯಲ್ಲಿ ಲಂಗರು ಹಾಕಿ ನಿಂತ ಹಡಗುಗಳಿಗೆ ದೋಣಿಯಲ್ಲಿ ಹೋಗಿ, ಎರಡು ರಾತ್ರಿ ಅಲ್ಲೇ ಕಳೆದು, ಸೋಮವಾರದ ಸ್ಟ್ಯಾಂಡ್‌ಅಪ್ ಮೀಟಿಂಗಿಗೆ ಕೆಂಪು ಕಣ್ಣು ಹೊತ್ತು ಬರುತ್ತಾರೆ.

‘ಅಕ್ಕಾರ, ಈ ಸಲ ರೂಮ್ ಫ್ರೀ ಕೊಟ್ಟಾರ. ಊಟಾ ಫ್ರೀ, ಕುಡಿಯೂದು ಫ್ರೀ, ಕರ್ಕೊಂಡು ಹೋಗಾಕ ಗಾಡೀನೂ ಅವರ್ದ’ ಎಂದು ಗದಗ ಕಡೆಯ ಹುಡುಗನೊಬ್ಬ ನನಗೆ ಹೇಳಿದ್ದ. ಅವನ ಕಾರ್ಡು ಬೆಳ್ಳಿಯಿಂದ ಚಿನ್ನಕ್ಕೆ ಏರಿತ್ತು. ಕ್ಯಾಸಿನೊದವರು ಬರ್ತ್‌ಡೇಗೆ ಫೋನ್ ಮಾಡಿ ಹೆಸರು ಹಿಡಿದು ಹಾರೈಸಿದ್ದರಂತೆ. ಆಫೀಸಿನಲ್ಲಿ ಐದು ವರ್ಷ ದುಡಿದರೂ ಎಚ್‌ಆರ್‌ನವರಿಗೆ ಅವನ ಹೆಸರಿನ ಸರಿಯಾದ ಉಚ್ಚಾರ ಬರುವುದಿಲ್ಲ; ಆ ಫೋನಿನ ಬೆಲೆ ಅವನಿಗೆ ಎಷ್ಟಿತ್ತು ಎಂಬುದು ನನಗೆ ಅರ್ಥವಾಗುತ್ತದೆ.

ಈ ವಿಷಯ ಬರೆಯಲು ನನಗೊಂದು ಕಾರಣವಿದೆ. ನನ್ನ ಹೊಟ್ಟೆಪಾಡೇ ಲಾಯಲ್ಟಿ ಕಾರ್ಡು. ಅಂಗಡಿ ಸರಣಿಗಳಿಗೆ, ಪೆಟ್ರೋಲ್ ಬಂಕುಗಳಿಗೆ ಪಾಯಿಂಟ್ ಲೆಕ್ಕ ಹಾಕುವ ಸಾಫ್ಟ್‌ವೇರಿನ ತಂಡದಲ್ಲಿ ಹತ್ತು ವರ್ಷದಿಂದ ಇದ್ದೇನೆ. ಯಾರಿಗೆ ಯಾವಾಗ ಯಾವ ಆಫರ್ ಕಳಿಸಿದರೆ ಮತ್ತೆ ಬರುತ್ತಾರೆ ಎಂಬ ಲೆಕ್ಕ ನಮ್ಮಲ್ಲೂ ಇದೆ. ಆದರೆ ಕಿರಾಣಿ ಅಂಗಡಿಯ ಕಾರ್ಡಿಗೂ ಕ್ಯಾಸಿನೊದ ಕಾರ್ಡಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಕಿರಾಣಿ ಅಂಗಡಿಯಲ್ಲಿ ನೀವು ಕೊಂಡದ್ದಕ್ಕೆ ಪಾಯಿಂಟು. ಕೊನೆಗೆ ಮನೆಗೆ ಐದು ಕೆಜಿ ಅಕ್ಕಿಯಾದರೂ ಬರುತ್ತದೆ. ಕ್ಯಾಸಿನೊ ಪಾಯಿಂಟು ಕೊಡುವುದು ನೀವು ಎಷ್ಟು ಸೋಲಬೇಕು ಎಂದು ಗಣಿತ ಹೇಳುತ್ತದೋ ಅದಕ್ಕೆ. ಸೋತದ್ದಕ್ಕೆ ಅಲ್ಲ, ಗಮನಿಸಿ. ಸೋಲಬೇಕಾದದ್ದಕ್ಕೆ.

ಒಂದು ಸೊನ್ನೆಯ ರೂಲೆಟ್ ಚಕ್ರವನ್ನೇ ತೆಗೆದುಕೊಳ್ಳಿ. ಅದರಲ್ಲಿ 37 ಮನೆಗಳಿವೆ. ನಿಮ್ಮ ಸಂಖ್ಯೆ ಬಂದರೆ ಒಂದಕ್ಕೆ 35 ಕೊಡುತ್ತಾರೆ, 36 ಅಲ್ಲ. ಆ ಒಂದರ ವ್ಯತ್ಯಾಸವೇ ಮೇಜಿನವರ ಪಾಲು, ಸುಮಾರು ಶೇ 2.7. ಕೇಳಲು ಸಣ್ಣದು. ಒಬ್ಬ ಪ್ರತಿ ಸುತ್ತಿಗೆ 1,000 ರೂಪಾಯಿ ಇಡುತ್ತಾನೆ, ಗಂಟೆಗೆ 40 ಸುತ್ತು, ಐದು ಗಂಟೆ ಕೂರುತ್ತಾನೆ ಎಂದುಕೊಳ್ಳಿ. ಜೇಬಿನಲ್ಲಿ ತಂದದ್ದು 20,000 ಇರಬಹುದು. ಅದೇ ಹಣ ಹೋಗುತ್ತ ಬರುತ್ತ ಮೇಜಿನ ಮೇಲೆ ಒಟ್ಟು ಓಡಿದ್ದು 2 ಲಕ್ಷ. ಅದರ ಶೇ 2.7 ಎಂದರೆ 5,400 ರೂಪಾಯಿ. ಆ ರಾತ್ರಿ ಅವನು ಗೆದ್ದು ಎದ್ದರೂ ಸರಿ, ಬರಿಗೈಯಲ್ಲಿ ಎದ್ದರೂ ಸರಿ, ಕಂಪ್ಯೂಟರಿನಲ್ಲಿ ಅವನ ಹೆಸರಿನ ಮುಂದೆ ಬೀಳುವ ಬೆಲೆ ಈ 5,400. ಅದರಲ್ಲಿ ಒಂದು ಪಾಲನ್ನು ರೂಮಾಗಿ, ಊಟವಾಗಿ, ಗಾಡಿಯಾಗಿ ಹಿಂದಿರುಗಿಸುತ್ತಾರೆ. ಎರಡು ಸೊನ್ನೆಯ ಚಕ್ರವಾದರೆ ಪಾಲು ಶೇ 5.26ಕ್ಕೆ ಏರುತ್ತದೆ, ರೂಮಿಗೆ ಹೂದಾನಿಯೂ ಬರಬಹುದು.

ಹಾಗಾಗಿ ಕಾರ್ಡು ಅಳೆಯುವುದು ಅದೃಷ್ಟವನ್ನಲ್ಲ, ಎಷ್ಟು ಹೊತ್ತು ಕುಳಿತಿರಿ ಎಂಬುದನ್ನು. ಊಟ ಮೇಜಿನ ಪಕ್ಕದಲ್ಲೇ ಇರುವುದೂ, ಮಲಗುವ ಕೋಣೆ ಪುಕ್ಕಟೆ ಸಿಗುವುದೂ ಇದಕ್ಕೇ. ಎದ್ದು ಹೊರಗೆ ಹೋಗಲು ಕಾರಣ ಉಳಿಯಬಾರದು.

ಪ್ರವೇಶದ ಪ್ಯಾಕೇಜಿನ ಜೊತೆ ಬರುವ ‘ಒನ್ ಟೈಮ್ ಪ್ಲೇ’ ಚಿಪ್ಸ್ ಬಗ್ಗೆಯೂ ಒಂದು ಮಾತು. 1,000 ರೂಪಾಯಿಯ ಚಿಪ್ಸ್ ಉಚಿತ ಎನ್ನುತ್ತಾರೆ. ಅದನ್ನು ಕೌಂಟರಿನಲ್ಲಿ ಕೊಟ್ಟು ನಗದು ಪಡೆಯಲು ಬರುವುದಿಲ್ಲ. ಆಡಲೇಬೇಕು, ಮತ್ತು ಸಾಮಾನ್ಯವಾಗಿ ಗೆದ್ದರೂ ಸೋತರೂ ಆ ಚಿಪ್ ಅವರಿಗೇ ವಾಪಸು. ಗೆದ್ದ ಹಣವಷ್ಟೇ ನಿಮ್ಮದು. ಕೆಂಪು-ಕಪ್ಪಿನ ಮೇಲೆ ಇಟ್ಟರೆ ಗೆಲ್ಲುವ ಸಾಧ್ಯತೆ 37ರಲ್ಲಿ 18. ಅಂದರೆ ಸಾವಿರದ ಚಿಪ್ಪಿನ ನಿಜವಾದ ಬೆಲೆ 486 ರೂಪಾಯಿ. ನಮ್ಮ ಕಂಪನಿಯ ಗ್ರಾಹಕರೊಬ್ಬರು ಸಾವಿರ ಎಂದು ಬರೆದು 486ರ ವೋಚರ್ ಕೊಟ್ಟರೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗಬೇಕಾದೀತು.

ದೊಡ್ಡ ಹಡಗುಗಳಲ್ಲಿ ಇದೇ ಆಟ ಇನ್ನೂ ನಯವಾಗಿ ನಡೆಯುತ್ತದೆ. ಈಗ ಪುಣೆಯ ಮಧ್ಯಮ ವರ್ಗಕ್ಕೆ ಕ್ರೂಸ್ ಹೊಸದಲ್ಲ. 2021ರಿಂದ ಮುಂಬಯಿಯಿಂದ ಹೊರಡುವ ಕಾರ್ಡೇಲಿಯಾದ ಎಂಪ್ರೆಸ್ ಹಡಗಿನಲ್ಲಿ ಕ್ಯಾಸಿನೊ ಇದೆ; ಅಪ್ಪ-ಅಮ್ಮನ ಷಷ್ಟಿಪೂರ್ತಿಗೆಂದು ಸಿಂಗಪುರದಿಂದ ಹತ್ತುವ ಹಡಗುಗಳಲ್ಲೂ ಇದೆ. ರಾಯಲ್ ಕೆರಿಬಿಯನ್ ಕಂಪನಿಯ ‘ಕ್ಲಬ್ ರಾಯಲ್’ ಎಂಬ ಕ್ಯಾಸಿನೊ ಕಾರ್ಯಕ್ರಮವನ್ನು ನೋಡಿ. ಸ್ಲಾಟ್ ಯಂತ್ರದಲ್ಲಿ ಐದು ಡಾಲರ್ ಓಡಿಸಿದರೆ ಒಂದು ಪಾಯಿಂಟು. ವರ್ಷದಲ್ಲಿ 2,500 ಪಾಯಿಂಟು ಮಾಡಿದರೆ ‘ಪ್ರೈಮ್’, 25,000ಕ್ಕೆ ‘ಸಿಗ್ನೇಚರ್’, 1 ಲಕ್ಷಕ್ಕೆ ‘ಮಾಸ್ಟರ್ಸ್’. ಪ್ರೈಮ್ ಆದವರಿಗೆ ಕ್ಯಾಸಿನೊದಲ್ಲಿ ಪಾನೀಯ ಉಚಿತ, ವರ್ಷಕ್ಕೊಂದು ಯಾತ್ರೆಯೂ ಉಚಿತ.

ಪ್ರೈಮ್ ಆಗಲು ಯಂತ್ರದೊಳಗೆ ಓಡಬೇಕಾದದ್ದು 12,500 ಡಾಲರ್. ಯಂತ್ರ ನೂರಕ್ಕೆ ಎಂಟು ಉಳಿಸಿಕೊಳ್ಳುತ್ತದೆ ಎಂದಿಟ್ಟುಕೊಂಡರೂ 1,000 ಡಾಲರ್ ಹೋಯಿತು. ಸಿಕ್ಕ ಉಚಿತ ಯಾತ್ರೆ ಕಿಟಕಿಯಿಲ್ಲದ ಒಳಕೋಣೆಯದು. ಬಂದರು ಶುಲ್ಕ, ತೆರಿಗೆ ಬೇರೆ. ಅಲ್ಲಿಯವರೆಗೆ ವಿಮಾನದ ಟಿಕೆಟ್ಟು ನಿಮ್ಮದೇ. ಪಾಯಿಂಟಿನ ಲೆಕ್ಕ ಪ್ರತಿ ವರ್ಷ ಮತ್ತೆ ಸೊನ್ನೆಯಿಂದ ಶುರು. ಆ ಉಚಿತ ಹಡಗಿನಲ್ಲೂ ಸಂಜೆ ಕ್ಯಾಸಿನೊ ತೆರೆಯುತ್ತದೆ ಎಂದು ಹೇಳಬೇಕಾಗಿಲ್ಲ. ನಿಮ್ಮ ಕೋಣೆಯ ಬೀಗ ತೆರೆಯುವ ಕಾರ್ಡೇ ಹಡಗಿನಲ್ಲಿ ಹಣದ ಕಾರ್ಡು. ನೋಟು ಕೈಬಿಟ್ಟು ಹೋಗುವಾಗ ಆಗುವ ಸಂಕಟ ಪ್ಲಾಸ್ಟಿಕ್ಕಿನಲ್ಲಿ ಆಗುವುದಿಲ್ಲ.

ಇದೆಲ್ಲ ಹೊಸ ಜಾಣತನವೇನಲ್ಲ. ಸಭಾಪರ್ವದಲ್ಲಿ ಜೂಜಿಗೆ ಮೊದಲು ಹೊಸ ಸಭಾಭವನ ಕಟ್ಟಿಸುತ್ತಾರೆ, ಗೌರವಸ್ಥ ವಿದುರನನ್ನೇ ಕಳಿಸಿ ಕರೆಸುತ್ತಾರೆ. ಎಲ್ಲ ಸೋತು, ಹೇಗೋ ವಾಪಸು ಪಡೆದು, ಊರಿಗೆ ಹೊರಟವರನ್ನು ದಾರಿಯಿಂದಲೇ ಮತ್ತೆ ಕರೆಸುತ್ತಾರೆ. ನಮ್ಮ ಧಂದೆಯಲ್ಲಿ ಇದಕ್ಕೆ ‘ವಿನ್‌ಬ್ಯಾಕ್ ಆಫರ್’ ಎನ್ನುತ್ತೇವೆ.

‘ನಮಗ್ಯಾಕೆ ಬುದ್ಧಿ ಹೇಳ್ತೀರಿ, ಸಿನಿಮಾಕ್ಕೆ ದುಡ್ಡು ಕೊಟ್ಟ ಹಾಗೆ ಇದಕ್ಕೂ ಕೊಡ್ತೀವಿ’ ಎನ್ನುವವರಿದ್ದಾರೆ. ಅವರೊಡನೆ ನನಗೆ ಜಗಳವಿಲ್ಲ. ಪ್ರವೇಶ ಶುಲ್ಕ ಕಟ್ಟಿ, ಬಫೆ ಉಂಡು, ಹಾಡು-ಕುಣಿತ ನೋಡಿ, ಕೈಲಿದ್ದ ಚಿಪ್ಸ್ ಮುಗಿದ ಮೇಲೆ ದೋಣಿ ಹತ್ತುವವರು ದುಬಾರಿ ಊಟ ಉಂಡರು ಅಷ್ಟೆ. ಸೌಲಭ್ಯವನ್ನಷ್ಟೇ ಬಳಸಿಕೊಂಡು ಕಡಿಮೆ ಆಡುವ ಜಾಣರೂ ಇದ್ದಾರೆ. ಆದರೆ ಅಂಥವರನ್ನು ಗುರುತಿಸಲು ಕಂಪ್ಯೂಟರಿಗೆ ಎರಡು ಭೇಟಿ ಸಾಕು. ಮೂರನೆಯ ಸಲಕ್ಕೆ ಉಚಿತ ರೂಮಿನ ಮೆಸೇಜೇ ಬರುವುದಿಲ್ಲ. ಮೆಸೇಜು ನಿಮಗೆ ತಪ್ಪದೆ ಬರುತ್ತಿದೆ ಎಂದರೆ ನೀವು ಆ ಜಾಣರ ಪಟ್ಟಿಯಲ್ಲಿಲ್ಲ.

ಗದಗದ ಹುಡುಗನಿಗೆ ಬರುತ್ತಿತ್ತು. ಕಳೆದ ವರ್ಷ ಒಂದು ಭಾನುವಾರ ಅವನೇ ಮನೆಗೆ ಬಂದ, ಸಾಲದ ಆ್ಯಪಿನವರು ಆಫೀಸಿಗೆ ಫೋನ್ ಮಾಡಲು ಶುರುಮಾಡಿದ ಮೇಲೆ. ಊರಲ್ಲಿ ಅವರವ್ವ ಮನೆಯ ಮಾಳಿಗೆ ತೆಗೆದು ಆರ್‌ಸಿಸಿ ಹಾಕಿಸಲು ಮೇಸ್ತ್ರಿಗೆ ಮುಂಗಡ ಕೊಟ್ಟು, ಮಗನ ಹಣಕ್ಕೆ ಕಾಯುತ್ತಿದ್ದರು. ಇಬ್ಬರೂ ಕೂತು ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದೆವು. ಎಂಟು ತಿಂಗಳಲ್ಲಿ ಹೋದದ್ದರಿಂದ ಬಂದದ್ದನ್ನು ಕಳೆದರೆ 3 ಲಕ್ಷ 40 ಸಾವಿರ. ಸಿಕ್ಕ ರೂಮು, ಊಟ, ಗಾಡಿ ಎಲ್ಲಕ್ಕೂ ಧಾರಾಳವಾಗಿ ಬೆಲೆ ಕಟ್ಟಿದೆವು. 58 ಸಾವಿರ ದಾಟಲಿಲ್ಲ. ಅವನಿಗೆ ತಾನು ಒಂದು ಲಕ್ಷದಷ್ಟು ಸೋತಿರಬಹುದು ಎಂಬ ಅಂದಾಜಿತ್ತು. ಸುಳ್ಳು ಹೇಳುತ್ತಿರಲಿಲ್ಲ, ನಿಜಕ್ಕೂ ಗೊತ್ತಿರಲಿಲ್ಲ. ಒಮ್ಮೆಯಂತೂ ತಿಂಗಳು ಮುಗಿಯುವುದರೊಳಗೆ ಕಾರ್ಡು ಚಿನ್ನದಿಂದ ಕೆಳಗಿಳಿಯುತ್ತದೆ ಎಂಬ ಮೆಸೇಜು ನೋಡಿ, ಪಾಯಿಂಟು ತುಂಬಿಸಲೆಂದೇ ರಜೆ ಹಾಕಿ ಹೋಗಿದ್ದ.

ಅವನ ಫೋನಿನಲ್ಲಿದ್ದ ಆ್ಯಪನ್ನು ನಾನು ವೃತ್ತಿಯವಳ ಕಣ್ಣಿಂದ ನೋಡಿದೆ. ಎಷ್ಟು ಪಾಯಿಂಟು, ಮುಂದಿನ ದರ್ಜೆಗೆ ಎಷ್ಟು ಬಾಕಿ, ಯಾವ ಆಫರ್ ಯಾವತ್ತು ಮುಗಿಯುತ್ತದೆ, ಎಲ್ಲ ಅಚ್ಚುಕಟ್ಟು. ಎಷ್ಟು ರೂಪಾಯಿ ಕಳೆದುಕೊಂಡಿದ್ದೀಯ ಎಂಬ ಒಂದು ಸಾಲು ಎಲ್ಲೂ ಇರಲಿಲ್ಲ. ಆ ಅಂಕಿ ಅವರ ಬಳಿ ಇಲ್ಲ ಎಂದು ನನ್ನನ್ನು ಯಾರೂ ನಂಬಿಸಲಾರರು. ಅದಿಲ್ಲದೆ ಬರ್ತ್‌ಡೇ ಫೋನು ಯಾರಿಗೆ ಮಾಡಬೇಕೆಂದು ಹೇಗೆ ಗೊತ್ತಾಗುತ್ತದೆ?

ತೆರಿಗೆಯ ಮಾತು ಬೇಗ ಮುಗಿಸುತ್ತೇನೆ. ಚಿಪ್ಸ್ ಕೊಳ್ಳಲು ಕೊಟ್ಟ ಪೂರ್ತಿ ಹಣದ ಮೇಲೆ 2023ರ ಅಕ್ಟೋಬರ್ 1ರಿಂದ ಶೇ 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40. ಯಾರ ಬಿಲ್ಲಿನಲ್ಲಿ ಬರೆದರೂ ಕೊನೆಗೆ ಹೋಗುವುದು ಆಡುವವನ ಹಣದಿಂದಲೇ. ಗೆದ್ದರೆ ಆದಾಯ ತೆರಿಗೆ ಶೇ 30, ಸೋತದ್ದನ್ನು ಅದರಲ್ಲಿ ಕಳೆಯಲು ಬಿಡುವುದಿಲ್ಲ. ಜನವರಿಯಲ್ಲಿ 50,000 ಗೆದ್ದು ಫೆಬ್ರುವರಿಯಲ್ಲಿ 50,000 ಸೋತವನು ಜನವರಿಯ ಗೆಲುವಿಗೆ ತೆರಿಗೆ ಕಟ್ಟಲೇಬೇಕು.

ಇನ್ನು ಈ ಹಡಗುಗಳಿಗೆ ಬೇಕಾದವರು ಯಾರು ಎಂದು ಕಾನೂನನ್ನೇ ಕೇಳೋಣ. ಮಹಾರಾಷ್ಟ್ರ 1976ರಲ್ಲಿ ಕ್ಯಾಸಿನೊ ಕಾಯ್ದೆ ಮಾಡಿ, ಅದನ್ನು ಒಂದು ದಿನವೂ ಜಾರಿಗೆ ತರದೆ, 2023ರಲ್ಲಿ ರದ್ದು ಮಾಡಿತು. ಕರ್ನಾಟಕದಲ್ಲೂ ಕ್ಯಾಸಿನೊ ಇಲ್ಲ. ಗೋವಾ ತನ್ನ 1976ರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಯಂತ್ರಕ್ಕೂ, 1996ರಲ್ಲಿ ಹಡಗಿನ ಮೇಲಿನ ಮೇಜಿನ ಆಟಕ್ಕೂ ದಾರಿ ಮಾಡಿತು. ಆದರೆ 2020ರ ಫೆಬ್ರುವರಿ 1ರಿಂದ ಗೋವಾದವರೇ ಕ್ಯಾಸಿನೊದೊಳಗೆ ಆಡಲು ಹೋಗುವಂತಿಲ್ಲ. ತಮ್ಮ ಜನಕ್ಕೆ ಇದು ಒಳ್ಳೆಯದಲ್ಲ ಎಂದು ಅಲ್ಲಿನ ಸರ್ಕಾರಕ್ಕೆ ಅನ್ನಿಸಿದೆ. ಹೊರಗಿನವರಿಗೆ ಬಾಗಿಲು ತೆರೆದಿದೆ. ಹೊರಗಿನವರು ಎಂದರೆ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು, ಪುಣೆ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನ ಕಾಯ್ದೆಯಲ್ಲಿ ನಿಷೇಧಿಸಿದ ಮೇಲೆ ಫೋನಿನಲ್ಲಿ ಆಡುತ್ತಿದ್ದ ಕೈಗಳೂ ಬಸ್ ಟಿಕೆಟ್ ಹುಡುಕಲು ಸಾಧ್ಯವಿದೆ.

ಕ್ಯಾಸಿನೊ ಮುಚ್ಚಿ ಎಂದು ಪುಣೆಯಲ್ಲಿ ಕೂತು ಗೋವಾಕ್ಕೆ ಹೇಳಲು ನಾನು ಯಾರು? ಆದರೆ ಕಾರ್ಡಿನ ಬಗ್ಗೆ ಕೇಳುವ ಹಕ್ಕು ಗ್ರಾಹಕರಿಗಿದೆ. ನಾವು ಎಸ್‌ಐಪಿ ಕಟ್ಟುವ ಮ್ಯೂಚುವಲ್ ಫಂಡು ತನ್ನ ಖರ್ಚು ಶೇ 1 ಇದ್ದರೂ ಪ್ರಕಟಿಸಬೇಕು. ಸಿಗರೇಟು ಪ್ಯಾಕಿನ ಶೇ 85 ಭಾಗ ಎಚ್ಚರಿಕೆಯ ಚಿತ್ರವೇ ಇರಬೇಕು. ಹಾಗಿರುವಾಗ ಉಚಿತ ರೂಮಿನ ಮೆಸೇಜು ಕಳಿಸುವ ಮುನ್ನ, ಅದೇ ಮೆಸೇಜಿನಲ್ಲಿ, ‘ಈ ವರ್ಷ ನೀವು ಇಷ್ಟು ರೂಪಾಯಿ ಕಳೆದುಕೊಂಡಿದ್ದೀರಿ’ ಎಂದು ಬರೆಯಲೇಬೇಕು ಎಂಬ ನಿಯಮ ತರಲು ಕಷ್ಟವೇನು? ಸಾಫ್ಟ್‌ವೇರಿನವಳಾಗಿ ಹೇಳುತ್ತೇನೆ, ಅದು ಎರಡು ವಾರದ ಕೆಲಸ. ಬುಕಿಂಗ್ ಬಟನ್ನಿನ ಪಕ್ಕದಲ್ಲೇ ‘ನನ್ನನ್ನು ಒಳಗೆ ಬಿಡಬೇಡಿ’ ಎಂಬ ಬಟನ್ನನ್ನೂ ಇಡಬಹುದು. ದರ್ಜೆ ಇಳಿಯುತ್ತದೆ ಎಂಬ ಗಡುವಿನ ಬೆದರಿಕೆಯನ್ನಂತೂ ನಿಲ್ಲಿಸಲೇಬೇಕು.

ಸಿಂಗಪುರದಲ್ಲಿ ನಾಗರಿಕರೂ ಖಾಯಂ ನಿವಾಸಿಗಳೂ ಕ್ಯಾಸಿನೊ ಹೊಸ್ತಿಲು ದಾಟಲು ದಿನಕ್ಕೆ 150 ಸಿಂಗಪುರ ಡಾಲರ್ ಕಟ್ಟಬೇಕು. ವಿದೇಶಿ ಪ್ರವಾಸಿಗೆ ಅದಿಲ್ಲ. ಆ ಮಟ್ಟಿಗೆ ಅವರೂ ಗೋವಾದವರ ಹಾಗೆಯೇ. ಆದರೆ ಅಲ್ಲಿ ಇನ್ನೊಂದು ವ್ಯವಸ್ಥೆ ಇದೆ. ಜೂಜಿನ ಸಮಸ್ಯೆಗೆಂದೇ ಇರುವ ರಾಷ್ಟ್ರೀಯ ಮಂಡಳಿಗೆ ಹೆಂಡತಿ, ಗಂಡ, ತಂದೆ-ತಾಯಿ, ಮಕ್ಕಳು, ಒಡಹುಟ್ಟಿದವರು ಅರ್ಜಿ ಕೊಟ್ಟು, ವಿಚಾರಣೆಯ ನಂತರ, ಮನೆಯವರೊಬ್ಬರನ್ನು ಒಳಗೆ ಬಿಡದಂತೆ ಆದೇಶ ಪಡೆಯಬಹುದು. ಸಿಂಗಪುರದಲ್ಲಿ ನೆಲೆಸಿದ ಕನ್ನಡದ ತಾಯಿಗೆ ಮಗನ ಸಲುವಾಗಿ ಬರೆಯಲು ಒಂದು ವಿಳಾಸವಿದೆ. ಗದಗ ಜಿಲ್ಲೆಯ ಆ ಊರಿನಲ್ಲಿ, ಅರ್ಧ ಮಾಳಿಗೆ ತೆಗೆದ ಮನೆಯಲ್ಲಿ ಕೂತ ತಾಯಿಗೂ ಅಂಥದೊಂದು ವಿಳಾಸ ಕೊಡುವುದು ಪಣಜಿಯ ಕಚೇರಿಗಳಿಗೆ ಆಗದ ಕೆಲಸವೇನಲ್ಲ.