ದೋಷಶೋಧನೆಯೂ ಒಂದು ವಿದ್ಯೆ

ಯಂತ್ರವನ್ನು ನಡೆಸಬಲ್ಲವರು ಅನೇಕರು. ಅದು ಕೆಟ್ಟು ನಿಂತಾಗ ಕಾರಣವನ್ನು ವಿಚಾರಿಸಬಲ್ಲವರು ವಿರಳ. ಈ ವಿಚಾರಶಕ್ತಿಯನ್ನು ಬೆಳೆಸುವುದು ಶಾಲೆಯ ಪ್ರಯೋಗಶಾಲೆಯ ಮುಖ್ಯ ಧ್ಯೇಯವಾಗಬೇಕು. ಇಂದು ಹವ್ಯಾಸಿಗಳ ಮೇಜಿನ ಮೇಲೂ ಕೆಲವು ಶಾಲೆಗಳಲ್ಲೂ ಕಾಣಸಿಗುವ ಲೇಸರ್ ಕೆತ್ತನೆಯ ಯಂತ್ರವು ಇದಕ್ಕೊಂದು ಉತ್ತಮ ನಿದರ್ಶನ.

ಲೇಸರಿನ ಮೂಲತತ್ತ್ವವನ್ನು ಐನ್‌ಸ್ಟೈನರು 1917ರಲ್ಲಿ ಪ್ರತಿಪಾದಿಸಿದರು. 1960ರಲ್ಲಿ ಥಿಯೊಡೋರ್ ಮೈಮನ್ನರು ಮೊದಲ ಲೇಸರನ್ನು ಬೆಳಗಿಸಿದರು. ಬಾರಾಮತಿಯಲ್ಲಿ ಜನಿಸಿ ಪುಣೆಯಲ್ಲಿ ವ್ಯಾಸಂಗ ಮಾಡಿದ ಕುಮಾರ್ ಪಟೇಲರು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇಂಗಾಲದ ಡೈಆಕ್ಸೈಡ್ ಲೇಸರನ್ನು ನಿರ್ಮಿಸಿದರು. ಇಂದಿನ ಚಿಕ್ಕ ಯಂತ್ರಗಳಲ್ಲಿ ಬಹುಮಟ್ಟಿಗೆ ಇರುವುದು ಸುಮಾರು 450 ನ್ಯಾನೊಮೀಟರ್ ತರಂಗಾಂತರದ ನೀಲಿ ಬೆಳಕನ್ನು ಬೀರುವ ಡಯೋಡು. ಮಸೂರವು ಆ ಬೆಳಕನ್ನು ಅತಿಸೂಕ್ಷ್ಮ ಬಿಂದುವಿಗೆ ಕೂಡಿಸಲು, ಮರದ ಮೇಲ್ಮೈ ಸುಟ್ಟು ಅಕ್ಷರ ಮೂಡುತ್ತದೆ.

ಕೆತ್ತನೆ ಮಸುಕಾಯಿತೆನ್ನೋಣ. ಒಡನೆಯೇ ಲೇಸರನ್ನು ಬದಲಿಸಹೊರಡುವುದು ಅವಿಚಾರ. ಮಸೂರಕ್ಕೆ ಹೊಗೆಯ ಮಸಿ ಹತ್ತಿರಬಹುದು, ಮಸೂರಕ್ಕೂ ಹಲಗೆಗೂ ನಡುವಣ ಅಂತರ ತಪ್ಪಿರಬಹುದು, ಹಲಗೆಯೇ ಬಾಗಿರಬಹುದು. ಚಿತ್ರವು ನಡುವೆ ಪಕ್ಕಕ್ಕೆ ಸರಿದರೆ, ವೃತ್ತದ ತುದಿಗಳು ಕೂಡದಿದ್ದರೆ, ದೋಷ ಬೆಳಕಿನದಲ್ಲ; ಬೆಲ್ಟಾಗಲಿ ಮೋಟಾರಿನ ಹಲ್ಲುಗಾಲಿಯನ್ನು ಹಿಡಿದಿರುವ ತಿರುಪಾಗಲಿ ಸಡಿಲಗೊಂಡಿರುವ ಸಂಭವ ಹೆಚ್ಚು. ಪಾರದರ್ಶಕ ಅಕ್ರಿಲಿಕ್ ಹಾಳೆಯ ಮೇಲೆ ಗುರುತೇ ಬೀಳದಿದ್ದರಂತೂ ಯಂತ್ರವು ನಿರ್ದೋಷಿಯಾಗಿರಬಹುದು. ನೀಲಿ ಬೆಳಕು ಆ ಹಾಳೆಯನ್ನು ಹಾದುಹೋಗುತ್ತದೆ. ಪಟೇಲರ ಲೇಸರಿನ ಅವಕೆಂಪು ಕಿರಣವನ್ನಾದರೋ ಅದೇ ಹಾಳೆ ಹೀರಿಕೊಳ್ಳುತ್ತದೆ. ಭೌತಶಾಸ್ತ್ರದ ಒಂದು ಅಧ್ಯಾಯವೇ ಇಲ್ಲಿ ಕಣ್ಣೆದುರಿಗೆ ತೆರೆದುಕೊಳ್ಳುತ್ತದೆ.

ಈ ಶೋಧನೆಗೆ ಬೇಕಾದ ನಿಯಮ ಒಂದೇ: ಒಮ್ಮೆಗೆ ಒಂದನ್ನೇ ಬದಲಿಸಬೇಕು, ಫಲವನ್ನು ಬರೆದಿಡಬೇಕು. ವೇಗ, ಶಕ್ತಿ, ಅಂತರ ಮೂರನ್ನೂ ಏಕಕಾಲಕ್ಕೆ ತಿರುಚಿದವನಿಗೆ ಯಂತ್ರ ಸರಿಹೋದರೂ ಕಾರಣ ತಿಳಿಯದು. ಕಾರಣ ತಿಳಿಯದ ಯಶಸ್ಸು ವಿದ್ಯೆಯೆನಿಸದು.

ಬೆಲೆಬಾಳುವ ಯಂತ್ರವನ್ನು ಮಕ್ಕಳ ಕೈಗೆ ಕೊಡುವುದು ಅಪಾಯಕರವೆಂಬ ಆಕ್ಷೇಪವುಂಟು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಪ್ರತಿಫಲಿತ ಕಿರಣವೂ ಕಣ್ಣನ್ನು ಕೆಡಿಸಬಲ್ಲುದು. ಸಾಮಾನ್ಯ ಕಪ್ಪು ಕನ್ನಡಕ ಅದಕ್ಕೆ ತಡೆಯಲ್ಲ, ಆ ತರಂಗಾಂತರಕ್ಕೆಂದೇ ಮಾಡಿದ ಕನ್ನಡಕವೇ ಬೇಕು. ಪಿವಿಸಿಯನ್ನು ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಡುವುದರಿಂದ ಅದನ್ನು ಯಂತ್ರದಲ್ಲಿ ಇಡಲೇಬಾರದು. ಕೆತ್ತನೆ ನಡೆಯುವಾಗ ಯಂತ್ರವನ್ನು ಬಿಟ್ಟು ಹೋಗಬಾರದು. ವಿದ್ಯುತ್ ಪ್ಲಗ್ಗನ್ನು ತೆಗೆಯದೆ ಬಿಚ್ಚಬಾರದು. ಆದರೆ ಇವೆಲ್ಲ ಉಪಾಧ್ಯಾಯರ ಮೇಲ್ವಿಚಾರಣೆಗೆ ಕಾರಣಗಳೇ ಹೊರತು ಕೋಣೆಗೆ ಬೀಗ ಹಾಕಲು ಕಾರಣಗಳಲ್ಲ. ಆಯುಧಪೂಜೆಯಂದು ಕುಂಕುಮ ಹಚ್ಚಿಸಿಕೊಂಡು ಉಳಿದ ದಿನಗಳಲ್ಲಿ ಧೂಳು ಹೊದ್ದಿರುವ ಯಂತ್ರದಿಂದ ಯಾವ ವಿದ್ಯಾರ್ಥಿಗೂ ಪ್ರಯೋಜನವಿಲ್ಲ.

2016ರಲ್ಲಿ ಆರಂಭವಾದ ಅಟಲ್ ಇನ್ನೊವೇಷನ್ ಮಿಷನ್ ತನ್ನ ಟಿಂಕರಿಂಗ್ ಪ್ರಯೋಗಾಲಯಗಳ ಮೂಲಕ 6ರಿಂದ 12ನೆಯ ತರಗತಿಯ ಮಕ್ಕಳ ಕೈಗೆ ಉಪಕರಣಗಳನ್ನು ಒದಗಿಸುವ ಮಾರ್ಗವನ್ನು ತೆರೆದಿದೆ. ಆದರೆ ಉಪಕರಣ ಬಂದಮಾತ್ರಕ್ಕೆ ಕಾರ್ಯ ಮುಗಿಯದು. ದಾನಿಗಳು ಯಂತ್ರದೊಡನೆ ಕನ್ನಡಕ, ಹೊಗೆ ಹೊರದೂಡುವ ಫ್ಯಾನು, ಬಿಡಿ ಬೆಲ್ಟು, ಮಸೂರಗಳಿಗೂ ನೆರವೀಯುವುದು ಶ್ರೇಯಸ್ಕರ. ಎಂಜಿನಿಯರರಾಗಿರುವ ಹಿಂದಿನ ವಿದ್ಯಾರ್ಥಿಗಳು ವರ್ಷಕ್ಕೆರಡು ದಿನ ಬಂದು ಮಕ್ಕಳೊಡನೆ ಕುಳಿತರೆ ಅದು ಧನದಾನಕ್ಕಿಂತ ಕಡಿಮೆಯ ದಾಸೋಹವಲ್ಲ.

ಕಾಯಕವನ್ನು ಪೂಜೆಯೆಂದು ಬಗೆದ ಶರಣರ ಪರಂಪರೆಯಲ್ಲಿ ಕೈಗೆ ಮಸಿ ಹತ್ತುವುದು ಎಂದೂ ಅಗೌರವವಾಗಿಲ್ಲ. ತಿರುಪನ್ನು ಬಿಗಿದು, ಮಸೂರವನ್ನೊರೆಸಿ, ತಾನೇ ಕಂಡುಹಿಡಿದ ಕಾರಣವನ್ನು ಪುಸ್ತಕದಲ್ಲಿ ಬರೆದಿಡುವ ಬಾಲಕ ಬಾಲಕಿಯರು ನಾಳೆ ಗದ್ದೆಯ ಪಂಪಿನ ಮುಂದಾಗಲಿ ಕಾರ್ಖಾನೆಯಲ್ಲಾಗಲಿ ಕೈಕಟ್ಟಿ ನಿಲ್ಲಲಾರರು. ಆದುದರಿಂದ ಮುಂದಿನ ಸಲ ಯಂತ್ರ ನಿಂತಾಗ ರಿಪೇರಿಯವರನ್ನು ಕರೆಯುವ ಮೊದಲು ವಿದ್ಯಾರ್ಥಿಗಳನ್ನು ಕರೆಯುವುದು ಉಚಿತ.