ಅಭ್ಯರ್ಥಿ ಯಾರಲ್ಲಿ ಅರ್ಥಿ?

ಜೂರಾಲ ಅಣೆಕಟ್ಟೆಯ ಮಗ್ಗುಲಿನ ಧರೂರು ಮಂಡಲದಲ್ಲಿ ಸರಪಂಚ ಸ್ಥಾನಕ್ಕೆ ನಿಲ್ಲುವವರಿಗೆ ಯಾವ ಪಕ್ಷದ ಅಪ್ಪಣೆಯೂ ಬೇಕಿಲ್ಲ. ತೆಲಂಗಾಣದಲ್ಲಿ ಗ್ರಾಮ ಪಂಚಾಯತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆ; ಸರಪಂಚರನ್ನು ಊರಿನ ಮತದಾರರೇ ನೇರವಾಗಿ ಆರಿಸುತ್ತಾರೆ. ಅಲ್ಲಿ ಗೆದ್ದು ಹೆಸರು ಗಳಿಸಿದವರು ಗದ್ವಾಲ ವಿಧಾನಸಭಾ ಕ್ಷೇತ್ರಕ್ಕೆ ದೊಡ್ಡ ಪಕ್ಷವೊಂದರಿಂದ ನಿಲ್ಲಬಯಸಿದರೆ ಮಾತು ಬೇರೆಯಾಗುತ್ತದೆ. ಆಗ ಬೇಕಾದದ್ದು ಬಿ ಫಾರಂ. ನಾಮಪತ್ರ ಸಲ್ಲಿಕೆಯ ಕಡೆಯ ದಿನ ಮಧ್ಯಾಹ್ನ ಮೂರು ಗಂಟೆಯೊಳಗೆ ಚುನಾವಣಾಧಿಕಾರಿಯ ಕೈಸೇರಬೇಕಾದ ಆ ಹಾಳೆಯಲ್ಲಿ ಯಾರ ಹೆಸರಿರಬೇಕೆಂಬುದು ಹೈದರಾಬಾದು, ದೆಹಲಿಗಳಲ್ಲಿ ನಿಶ್ಚಯವಾಗುತ್ತದೆ. ಧರೂರಿನ ಮತದಾರರಿಗೆ ಆ ಸುದ್ದಿ ಟಿವಿಯಲ್ಲಿ ತಿಳಿಯುತ್ತದೆ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಇಲ್ಲಿ ಎರಡು ಪದಗಳನ್ನು ಗಮನಿಸಬಹುದು. ಪತ್ರಿಕೆಗಳು ಸ್ಪರ್ಧಿಯನ್ನು ಒಮ್ಮೆ ‘ಹುರಿಯಾಳು’ ಎನ್ನುತ್ತವೆ, ಮತ್ತೊಮ್ಮೆ ‘ಅಭ್ಯರ್ಥಿ’ ಎನ್ನುತ್ತವೆ. ಮೊದಲನೆಯದು ಕಣಕ್ಕಿಳಿದ ವೀರನ ಹೆಸರು, ಎರಡನೆಯದರಲ್ಲಿ ಬೇಡುವವನಿದ್ದಾನೆ. ಬೇಡುವುದು ಮತದಾರರ ಮುಂದೆ ಎಂಬುದು ಪ್ರಜಾಪ್ರಭುತ್ವದ ನಂಬಿಕೆ. ನಡೆಯುವ ಸಂಗತಿಯೇ ಬೇರೆ. ‘ಟಿಕೆಟ್ ಸಿಕ್ಕಿತು’, ‘ಟಿಕೆಟ್ ಕೈತಪ್ಪಿತು’ ಎಂಬ ಮಾತುಗಳು ಎಷ್ಟು ಬಳಕೆಯಾಗಿವೆಯೆಂದರೆ, ಕೊಟ್ಟವರು ಯಾರು, ಕಸಿದವರು ಯಾರು ಎಂದು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ. ವಾಕ್ಯದಲ್ಲಿ ಕರ್ತೃಪದವೇ ಕಾಣೆಯಾಗಿದೆ.

ಗದ್ವಾಲದ ಚರಿತ್ರೆಯನ್ನೇ ನೋಡಬಹುದು. ಡಿ.ಕೆ. ಸಮರಸಿಂಹ ರೆಡ್ಡಿ, ಅವರ ತಮ್ಮ ಭರತಸಿಂಹ ರೆಡ್ಡಿ, ಭರತಸಿಂಹರ ಪತ್ನಿ ಅರುಣಾ ಹೀಗೆ ಒಂದೇ ಮನೆತನದವರು ಈ ಕ್ಷೇತ್ರವನ್ನು ಬಹುಕಾಲ ಪ್ರತಿನಿಧಿಸಿದರು. 1999ರಲ್ಲಿ ತೆಲುಗು ದೇಶಂನ ಗಟ್ಟು ಭೀಮುಡು ಗೆದ್ದದ್ದು ನಡುವಣ ಒಂದು ವಿರಾಮ. 2004ರಲ್ಲಿ ಅರುಣಾ ಅವರು ಸಮಾಜವಾದಿ ಪಕ್ಷದಿಂದ ನಿಂತು ಗೆದ್ದರು. 2009 ಮತ್ತು 2014ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. 2018ರಲ್ಲಿ ಅವರನ್ನು ಸೋಲಿಸಿದ ಬಂಡ್ಲ ಕೃಷ್ಣಮೋಹನ ರೆಡ್ಡಿಯವರೂ ಬಂಧುವರ್ಗದವರೇ. ಇವರೆಲ್ಲ ಮತ ಪಡೆದೇ ಗೆದ್ದವರು, ಅದರಲ್ಲಿ ಆಕ್ಷೇಪವಿಲ್ಲ. ಆದರೆ ಮತದಾರರ ಮುಂದೆ ಬರುವ ಹೆಸರುಗಳ ಪಟ್ಟಿ ಇಷ್ಟು ಕಿರಿದಾಗಿರುವುದೇಕೆ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ನೆರೆಯ ಮಕ್ತಲ್‌ನಲ್ಲಿ 2023ರಲ್ಲಿ ಬೇರೊಂದು ಕಥೆ ನಡೆಯಿತು. ತಂದೆ ಚಿಟ್ಟೆಂ ನರ್ಸಿರೆಡ್ಡಿಯವರ ಬಳಿಕ ಆ ಸ್ಥಾನಕ್ಕೆ ಬಂದು, ಮೂರು ಬಾರಿ ಗೆದ್ದಿದ್ದ ರಾಮಮೋಹನ ರೆಡ್ಡಿಯವರನ್ನು ವಾಕಿಟಿ ಶ್ರೀಹರಿ ಸೋಲಿಸಿದರು. ಶ್ರೀಹರಿಯವರು ಹಿಂದುಳಿದ ಮುದಿರಾಜ್ ಸಮುದಾಯದವರು. ಸ್ಥಳೀಯ ಸಂಸ್ಥೆಗಳ ಮೆಟ್ಟಿಲೇರಿ ಬಂದವರು. 2025ರ ಜೂನ್‌ನಲ್ಲಿ ಮಂತ್ರಿಯೂ ಆದರು. ತಳಮಟ್ಟದ ದುಡಿಮೆ ಫಲ ಕೊಡುತ್ತದೆ ಎನ್ನಲು ಇದು ಒಳ್ಳೆಯ ನಿದರ್ಶನವೇ. ಆದರೆ ಅವರಿಗೂ ಬಾಗಿಲು ತೆರೆದದ್ದು ಮೇಲಿನಿಂದ. ಆ ವರ್ಷ ತೆಲಂಗಾಣ ಕಾಂಗ್ರೆಸ್ 119 ಸ್ಥಾನಗಳಿಗೆ ಶುಲ್ಕ ಕಟ್ಟಿಸಿಕೊಂಡು ಅರ್ಜಿ ಕರೆದಾಗ ಬಂದ ಅರ್ಜಿಗಳು ಸಾವಿರದಷ್ಟು. ಉಳಿದವರನ್ನು ಏಕೆ ಕೈಬಿಟ್ಟರೆಂದು ಹೇಳುವ ಹೊಣೆ ಯಾರ ಮೇಲೂ ಇರಲಿಲ್ಲ.

ಅಮೆರಿಕದಲ್ಲಿ ಈ ಬಾಗಿಲಿಗೆ ಪ್ರೈಮರಿ ಎಂದು ಹೆಸರು. ಪಕ್ಷದ ಹುರಿಯಾಳು ಯಾರಾಗಬೇಕೆಂಬುದನ್ನು ಸಾಮಾನ್ಯ ಮತದಾರರೇ ಮತ ಹಾಕಿ ನಿಶ್ಚಯಿಸುತ್ತಾರೆ. 2018ರ ಜೂನ್ 26ರಂದು ನ್ಯೂಯಾರ್ಕ್‌ನ ಒಂದು ಕ್ಷೇತ್ರದಲ್ಲಿ, ಹತ್ತು ಅವಧಿಗೆ ಆರಿಸಿ ಬಂದಿದ್ದ ಜೋ ಕ್ರೌಲಿಯವರನ್ನು ಅಲೆಕ್ಸಾಂಡ್ರಿಯಾ ಒಕಾಸಿಯೊ-ಕೊರ್ಟೆಜ್ ಎಂಬ 28ರ ತರುಣಿ ಅವರದೇ ಪಕ್ಷದೊಳಗೆ ಸೋಲಿಸಿದರು. ಅದಕ್ಕೆ ಸ್ವಲ್ಪ ಮುನ್ನ ಆಕೆ ಬಾರ್ ಒಂದರಲ್ಲಿ ದುಡಿಯುತ್ತಿದ್ದರು. ಕ್ರೌಲಿಯವರಿಗೆ 2004ರಿಂದ ಪಕ್ಷದೊಳಗೆ ಎದುರಾಳಿಯೇ ಇರಲಿಲ್ಲ. ಸುಮಾರು ಏಳು ಲಕ್ಷ ಜನರಿರುವ ಆ ಕ್ಷೇತ್ರದಲ್ಲಿ ಅಂದು ಮತ ಹಾಕಿದವರು ಮೂವತ್ತು ಸಾವಿರದ ಆಸುಪಾಸು. ಮನೆಮನೆಗೆ ನಡೆದವರಿಗೆ ಆ ಸಣ್ಣ ಸಂಖ್ಯೆಯೇ ಅವಕಾಶವಾಯಿತು. 2020ರಲ್ಲಿ ಸೇಂಟ್ ಲೂಯಿಸ್‌ನ ದಾದಿ ಕೋರಿ ಬುಷ್, 1969ರಿಂದ ತಂದೆ ಮಗ ಇಬ್ಬರ ಕೈಯಲ್ಲೇ ಇದ್ದ ಸ್ಥಾನವನ್ನು ಹೀಗೆಯೇ ಗೆದ್ದರು. 2024ರ ಪ್ರೈಮರಿಯಲ್ಲಿ ಅವರೇ ಸೋತರು. ಅದು ಅವರ ಬೆಂಬಲಿಗರಿಗೆ ಕಹಿಯಾದರೂ ನಿಯಮ ಎಲ್ಲರಿಗೂ ಒಂದೇ ಎಂಬುದಕ್ಕೆ ಸಾಕ್ಷಿ.

ಕನ್ನಡನಾಡಿನಲ್ಲಿಯೂ ಇಂಥದೊಂದು ಪ್ರಯೋಗ ನಡೆದದ್ದುಂಟು. ಈಗ ಅದನ್ನು ನೆನೆಯುವವರು ಕಡಿಮೆ. 2014ರ ಲೋಕಸಭಾ ಚುನಾವಣೆಗೆ ಮುನ್ನ ಕಾಂಗ್ರೆಸ್ ದೇಶದ ಕೆಲವೇ ಕ್ಷೇತ್ರಗಳಲ್ಲಿ ಪ್ರೈಮರಿ ನಡೆಸಿತು. ಅವುಗಳಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಸೇರಿದ್ದವು. ಬೆಂಗಳೂರಿನಲ್ಲಿ ಸಿ. ನಾರಾಯಣಸ್ವಾಮಿ ಆಯ್ಕೆಯಾದರು. ದಕ್ಷಿಣ ಕನ್ನಡದಲ್ಲಿ ಆಯ್ಕೆಯಾದವರು 1977ರಷ್ಟು ಹಿಂದೆಯೇ ಸಂಸತ್ತಿಗೆ ಹೋಗಿದ್ದ ಜನಾರ್ದನ ಪೂಜಾರಿ. ಮುಂದೆ ಇಬ್ಬರೂ ಭಾರತೀಯ ಜನತಾ ಪಕ್ಷದ ಎದುರು ಸೋತರು. ಪ್ರಯೋಗವೂ ಅಲ್ಲಿಗೆ ಮುಗಿಯಿತು. ಸೋಲಿಗೆ ಆ ವರ್ಷದ ಗಾಳಿಯೇ ಸಾಕಿತ್ತು, ಪ್ರೈಮರಿಯನ್ನು ದೂರಬೇಕಿರಲಿಲ್ಲ. ನಿಜವಾದ ಕೊರತೆ ಮತದಾರರ ಪಟ್ಟಿಯಲ್ಲಿತ್ತು. ಮತದ ಹಕ್ಕು ಇದ್ದದ್ದು ಪಕ್ಷದ ಪದಾಧಿಕಾರಿಗಳು ಮತ್ತು ಪ್ರತಿನಿಧಿಗಳಿಗೆ. ಬಾವುಟ ಕಟ್ಟಿದ, ಪೋಸ್ಟರ್ ಅಂಟಿಸಿದ ಸಾಮಾನ್ಯ ಕಾರ್ಯಕರ್ತರು ಹೊರಗೇ ಉಳಿದರು. ಪದವಿ ಪಡೆದವರು ಪದವಿ ಕೊಟ್ಟವರನ್ನು ಆರಿಸುವುದರಲ್ಲಿ ಅಚ್ಚರಿಯೇನಿದೆ?

ಸದಸ್ಯರಿಗೆಲ್ಲ ಮತವಿತ್ತರೆ ಹಣ ಮತ್ತು ಜಾತಿ ಅಲ್ಲಿಯೂ ನುಗ್ಗುತ್ತವೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಸದಸ್ಯತ್ವದ ರಸೀದಿಗಳನ್ನು ಕಂತೆಗಟ್ಟಲೆ ಒಬ್ಬರೇ ಕೊಳ್ಳಬಲ್ಲರು. ಆದರೆ ಹಣವೂ ಜಾತಿಯೂ ಈಗಿನ ಪದ್ಧತಿಗೆ ಅಪರಿಚಿತವೇ? ಕರ್ನಾಟಕದಲ್ಲಿ 2023ರ ಚುನಾವಣೆಗೆ ಕಾಂಗ್ರೆಸ್ ಟಿಕೆಟಿನ ಅರ್ಜಿಯೊಡನೆ ಸಾಮಾನ್ಯ ವರ್ಗದವರು ಕಟ್ಟಬೇಕಾಗಿದ್ದ ಮೊತ್ತವೇ ಎರಡು ಲಕ್ಷ ರೂಪಾಯಿ. ಕೂಲಿಯವರ ಮಗಳಿಗೆ ಬಾಗಿಲು ಮುಚ್ಚಲು ಅಷ್ಟೇ ಸಾಕು.

ಅನಂತಮೂರ್ತಿಯವರ ‘ಅವಸ್ಥೆ’ಯನ್ನು ಓದಿದವರಿಗೆ ಕೃಷ್ಣಪ್ಪ ಗೌಡರ ಪಾತ್ರದ ಹಿಂದಿರುವ ಶಾಂತವೇರಿ ಗೋಪಾಲಗೌಡರು ಗೊತ್ತು. 1951ರ ಕಾಗೋಡು ಸತ್ಯಾಗ್ರಹದ ಗೇಣಿದಾರರ ನಡುವಿನಿಂದ ಬಂದ ಅವರು, ಮರುವರ್ಷ ಸಾಗರ-ಹೊಸನಗರ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಪ್ರಬಲ ನಾಯಕ ಎ.ಆರ್. ಬದರೀನಾರಾಯಣರನ್ನು ಸೋಲಿಸಿದರು. ಚುನಾವಣೆಯ ಖರ್ಚಿಗೆ ಓಟಿನೊಡನೆ ನೋಟನ್ನೂ ಕೇಳಿ ಪಡೆದದ್ದು ಮತದಾರರಿಂದಲೇ. 1957ರಲ್ಲಿ ಸೋತರು, 1962ರಲ್ಲಿ ತೀರ್ಥಹಳ್ಳಿಯಿಂದ ಮರಳಿ ಬಂದರು. ಅವರ ಸಮಾಜವಾದಿ ಪಕ್ಷ ಚಿಕ್ಕದಾಗಿತ್ತು, ಟಿಕೆಟಿಗಾಗಿ ಸಾಲು ನಿಲ್ಲಬೇಕಾದ ಸ್ಥಿತಿ ಅಲ್ಲಿರಲಿಲ್ಲ. ಇಂದು ಅವರಂಥವರು ದೊಡ್ಡ ಪಕ್ಷವೊಂದರ ಕಚೇರಿಯಲ್ಲಿ ಅರ್ಜಿ ಹಿಡಿದು ನಿಂತರೆ ಒಳಗೆ ಕರೆಯುವವರು ಯಾರು?

ಪಕ್ಷಗಳೊಳಗೆ ಪ್ರಜಾಪ್ರಭುತ್ವವಿರಬೇಕೆಂದು ಕಾನೂನು ಆಯೋಗ 1999ರ ತನ್ನ 170ನೇ ವರದಿಯಲ್ಲಿಯೇ ಸೂಚಿಸಿತ್ತು. ಕಾನೂನು ಬರುವವರೆಗೆ ಕಾಯಬೇಕಾದ ಅಗತ್ಯ ಯಾವ ಪಕ್ಷಕ್ಕೂ ಇಲ್ಲ. ಗದ್ವಾಲ ಕ್ಷೇತ್ರದ ಸದಸ್ಯರ ಪಟ್ಟಿಯನ್ನು ಚುನಾವಣೆಗೆ ಒಂದು ವರ್ಷ ಮುನ್ನವೇ ಮುಚ್ಚಿ, ಪ್ರಕಟಿಸಿ, ಮಂಡಲಕ್ಕೊಂದರಂತೆ ಮತಗಟ್ಟೆಯಿಟ್ಟು ಒಂದು ಭಾನುವಾರ ಮತ ಪಡೆದರೆ ಆಯಿತು. ಧರೂರಿನ ಪಾಲಿಗೆ ಅದಕ್ಕೆ ಬೇಕಾದದ್ದು ಶಾಲೆಯ ಒಂದು ಕೊಠಡಿ, ಒಂದು ಮೇಜು, ಬೀಗವಿರುವ ಒಂದು ಪೆಟ್ಟಿಗೆ.